ಎಲ್ಲದಕ್ಕೂ ಗ್ಯಾಸ್ಟ್ರಿಕ್ಕೇ?

ಕರ್ನಾಟಕದ ಯಾವ ಊರಿಗೆ ಹೋಗಿ ಹೊಟ್ಟೆ ಹಿಡಿದುಕೊಂಡು ಕೂತರೂ ಕಾಯಿಲೆ ಹೇಳುವವರಿಗೆ ಬರವಿಲ್ಲ. ಪಕ್ಕದ ಮನೆಯ ಅಜ್ಜಿ, ಬಸ್ ಕಂಡಕ್ಟರ್, ಮೆಡಿಕಲ್ ಶಾಪಿನ ಹುಡುಗ, ಕೊನೆಗೆ ಎಂಬಿಬಿಎಸ್ ಓದಿದ ಡಾಕ್ಟರು, ಎಲ್ಲರದೂ ಒಂದೇ ಮಾತು: ಗ್ಯಾಸ್ಟ್ರಿಕ್. ಎದೆ ಉರಿದರೆ ಗ್ಯಾಸ್ಟ್ರಿಕ್, ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್. ಬೆನ್ನು ಹಿಡಿದರೆ ಗ್ಯಾಸು ಬೆನ್ನಿಗೆ ಹೋಗಿದೆ, ತಲೆ ಸುತ್ತಿದರೆ ತಲೆಗೇರಿದೆ. ಅಜ್ಜಿ ಜೀರಿಗೆ ಕಷಾಯ ಕಾಯಿಸಿ ಕೊಡುತ್ತಾರೆ, ಡಾಕ್ಟರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಬರೆಯುತ್ತಾರೆ. ಕೊಡುವ ಮದ್ದು ಬೇರೆಯಾದರೂ ಯೋಚನೆ ಒಂದೇ.

ಇದರ ಹಿಂದೆ ಯಾರೂ ಬರೆದಿಡದ ಒಂದು ಸಿದ್ಧಾಂತವೇ ಇದೆ. ಹೊಟ್ಟೆಯ ದೂರು ಹೇಳಿಕೊಂಡು ಬರುವ ಹೆಚ್ಚಿನವರಿಗೆ ದೊಡ್ಡ ಕಾಯಿಲೆ ಏನೂ ಇರುವುದಿಲ್ಲ. ಆದ್ದರಿಂದ ಮೊದಲು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟು ಕಳಿಸಬೇಕು. ಅದಕ್ಕೂ ಬಗ್ಗದಿದ್ದರೆ ಸ್ಕ್ಯಾನ್ ಮಾಡಿಸಬೇಕು, ಒಳಗೆ ಏನಿದ್ದರೂ ಅದರಲ್ಲಿ ಕಂಡೇ ಕಾಣುತ್ತದೆ. ರೋಗಿಯನ್ನು ಕೂರಿಸಿ ಮಾತಾಡಿಸುವುದು, ಮಲಗಿಸಿ ಹೊಟ್ಟೆ ಮುಟ್ಟಿ ನೋಡುವುದು ಇವೆಲ್ಲ ಯಂತ್ರಗಳಿಲ್ಲದ ಕಾಲದವರ ಕೆಲಸ. ಇದನ್ನು ಡಾಕ್ಟರುಗಳೂ ರೋಗಿಗಳೂ ಸರಿಸಮನಾಗಿ ನಂಬಿದ್ದಾರೆ. ಇಡೀ ವಾದದಲ್ಲಿ ನಿಜ ಇರುವುದು ಮೊದಲ ಮಾತಿನಲ್ಲಿ ಮಾತ್ರ.

ಆ ಮೊದಲ ಮಾತನ್ನೂ ತಪ್ಪು ಜಾಗದಲ್ಲಿ ಬಳಸುತ್ತಿದ್ದೇವೆ. ಹೆಚ್ಚಿನವರಿಗೆ ಏನೂ ಇರುವುದಿಲ್ಲ ಎನ್ನುವುದು ಸಾಲಿನಲ್ಲಿ ನಿಂತ ನೂರು ಜನರನ್ನು ಒಟ್ಟಾಗಿ ನೋಡಿ ಹೇಳುವ ಮಾತು. ಎದುರಿನ ಸ್ಟೂಲಿನ ಮೇಲೆ ಕೂತವರು ಆ ಹೆಚ್ಚಿನವರಲ್ಲಿ ಒಬ್ಬರೋ ಅಲ್ಲವೋ ಎಂದು ಕಂಡುಕೊಳ್ಳುವುದಕ್ಕೇ ಪ್ರಾಥಮಿಕ ಆರೋಗ್ಯ ಕೇಂದ್ರ ಇರುವುದು, ಬೀದಿ ಬದಿಯ ಕ್ಲಿನಿಕ್ ಇರುವುದು. ಕಂಡುಕೊಳ್ಳುವ ಮೊದಲೇ ಗ್ಯಾಸ್ಟ್ರಿಕ್ ಎಂದುಬಿಟ್ಟರೆ ಆ ಕೇಂದ್ರದ ಕೆಲಸವನ್ನು ಕಿರಾಣಿ ಅಂಗಡಿಯವರೂ ಮಾಡಬಲ್ಲರು. ಈನೋ ಪ್ಯಾಕೆಟ್ಟು ಅಲ್ಲೂ ಸಿಗುತ್ತದೆ.

ಎಪಿಎಂಸಿ ಯಾರ್ಡಿನಲ್ಲಿ ಮೂಟೆ ಹೊರುವ, ಐವತ್ತು ದಾಟಿದ ಹಮಾಲಿಯೊಬ್ಬರನ್ನು ತೆಗೆದುಕೊಳ್ಳಿ. ಬೆಳಗಿನ ಜಾವ ಎದೆಗೂಡಿನ ಕೆಳಗೆ, ಹೊಕ್ಕುಳಿಗಿಂತ ಮೇಲೆ, ಕಿವುಚಿದ ಹಾಗೆ ನೋವು. ಎರಡು ಸಲ ವಾಂತಿ. ಅಂಗಿ ಒದ್ದೆಯಾಗುವಷ್ಟು ಬೆವರು. ಮನೆಯವರು ಸೋಡಾಕ್ಕೆ ನಿಂಬೆಹಣ್ಣು ಹಿಂಡಿ ಕುಡಿಸುತ್ತಾರೆ. ದೊಡ್ಡದೊಂದು ತೇಗು ಬರುತ್ತದೆ. "ನೋಡ್ರೀ, ತೇಗು ಬಂತು. ಗ್ಯಾಸೇ ಆಗಿತ್ತು." ಎಂಟು ಗಂಟೆಗೆ ಕ್ಲಿನಿಕ್ಕಿಗೆ ಹೋದಾಗ ಅವರೇ ಹೇಳುತ್ತಾರೆ, "ಸಾರ್, ಗ್ಯಾಸ್ಟ್ರಿಕ್ ಜಾಸ್ತಿಯಾಗಿದೆ, ಒಂದು ಇಂಜೆಕ್ಷನ್ ಹಾಕಿ." ಸಾರ್ ಹಾಕುತ್ತಾರೆ. ಅದು ಹೃದಯಾಘಾತವೂ ಆಗಿರಬಹುದು. ಹೃದಯದ ಕೆಳಗೋಡೆಗೆ ರಕ್ತ ಕೊಡುವ ನಾಳ ಕಟ್ಟಿಕೊಂಡಾಗ ನೋವು ಎದೆಯಲ್ಲೇ ಬರಬೇಕೆಂದಿಲ್ಲ. ಆ ಭಾಗ ವಪೆಯ ಮೇಲೆ ಕೂತಿರುವುದರಿಂದ ನೋವು ಮೇಲ್ಹೊಟ್ಟೆಯದೆಂದೇ ಅನಿಸುತ್ತದೆ. ಜೊತೆಗೆ ವಾಕರಿಕೆ, ವಾಂತಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ, ಬರೀ ಬೆವರು, ಸುಸ್ತು. ಇದನ್ನು ವೈದ್ಯಕೀಯ ಕಾಲೇಜುಗಳಲ್ಲಿ ಎಲ್ಲರಿಗೂ ಕಲಿಸುತ್ತಾರೆ. ಸಂತೆಯ ದಿನ ಬಾಗಿಲಾಚೆ ಅರವತ್ತು ಜನ ಕಾಯುತ್ತಿರುವಾಗ, ರೋಗಿಯೇ ಗ್ಯಾಸ್ಟ್ರಿಕ್ ಎಂದು ಹೇಳಿಕೊಂಡು ಒಳಗೆ ಬಂದಾಗ, ಕಲಿತದ್ದು ನೆನಪಿಗೆ ಬರುವುದಿಲ್ಲ.

"ಮಾತ್ರೆ ತಗೊಂಡ ಮೇಲೆ ಕಡಿಮೆಯಾಯ್ತಲ್ಲ, ಹಾಗಾದ್ರೆ ಗ್ಯಾಸೇ" ಎಂಬ ತರ್ಕವನ್ನು ಒಡೆಯದೆ ಮುಂದೆ ಹೋಗುವಂತಿಲ್ಲ. ಹೃದಯದ ನೋವು ಬಂದು ಹೋಗಿ ಮಾಡುತ್ತದೆ. ಸೋಡಾ ಕುಡಿದ ಹೊತ್ತಿಗೆ ಅದು ತಾನಾಗಿ ತಗ್ಗಿದರೆ ಕೀರ್ತಿ ಸೋಡಾಕ್ಕೆ ಹೋಗುತ್ತದೆ. ಜಠರದ ಕ್ಯಾನ್ಸರಿನ ಹುಣ್ಣು ಕೂಡ ಪ್ಯಾಂಟೊಪ್ರಜೋಲಿಗೆ ಕೆಲವು ದಿನ ಮೆತ್ತಗಾಗಬಹುದು, ಉರಿ ಇಳಿಯಬಹುದು. ಮಾತ್ರೆಗೆ ಬಗ್ಗಿತು ಎಂಬುದರಿಂದ ಕಾಯಿಲೆ ಇಂಥದ್ದೇ ಎಂದು ತೀರ್ಮಾನಿಸಲು ಬರುವುದಿಲ್ಲ.

2025ರ ಜೂನ್ ಮತ್ತು ಜುಲೈನಲ್ಲಿ ಹಾಸನದ ಹೃದಯಾಘಾತಗಳ ಸುದ್ದಿ ಟೀವಿಯಲ್ಲಿ ದಿನವಿಡೀ ಓಡಿದಾಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ನೆರೆದದ್ದನ್ನು ಎಲ್ಲರೂ ನೋಡಿದ್ದೇವೆ. ಗಟ್ಟಿಮುಟ್ಟಾಗಿ ನಡೆದು ಬಂದು ಸಾಲಿನಲ್ಲಿ ನಿಂತವರೇ ಹೆಚ್ಚು. ಮೇಲ್ಹೊಟ್ಟೆ ಹಿಂಡುವಾಗ ಸೋಡಾ ಕುಡಿದು ಮಲಗುವ ನಮ್ಮ ಅಭ್ಯಾಸಕ್ಕೆ ಮಾತ್ರ ಆ ಗದ್ದಲದಿಂದ ಏನೂ ಆಗಲಿಲ್ಲ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲೇ ಬಂದಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೂರದ ತಜ್ಞರು ನೋಡುತ್ತಾರೆ, ಬೇಕಿದ್ದರೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಅಲ್ಲೇ ಪುಕ್ಕಟೆಯಾಗಿ ಕೊಡುತ್ತಾರೆ. ಒಳ್ಳೆಯ ಯೋಜನೆ. ಆದರೆ ಇಸಿಜಿ ತೆಗೆಯಬೇಕು ಎಂದು ಮೊದಲು ಯಾರಿಗಾದರೂ ಹೊಳೆಯಬೇಕಲ್ಲ? ಚೀಟಿಯ ಮೇಲೆ ಗ್ಯಾಸ್ಟ್ರಿಕ್ ಎಂದು ಬಿದ್ದ ಮೇಲೆ ಆ ಯಂತ್ರದ ಹತ್ತಿರ ಯಾರೂ ಸುಳಿಯುವುದಿಲ್ಲ.

ಈಗ ಯಂತ್ರಭಕ್ತರಿಗೆ ಅವರದೇ ದೇವರ ಕತೆ ಹೇಳುತ್ತೇನೆ. ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಡಿ ಡೊಂಬಾಲ್ ಎಂಬ ಸರ್ಜನ್, ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂದು ಆಸ್ಪತ್ರೆ ಸೇರಿದವರ ಕಾಯಿಲೆ ಹೇಳಲು ಕಂಪ್ಯೂಟರ್ ಬಳಸಿದರು. 1972ರಲ್ಲಿ ಫಲಿತಾಂಶ ಪ್ರಕಟವಾಯಿತು. 304 ರೋಗಿಗಳಲ್ಲಿ ಕಂಪ್ಯೂಟರ್ ಹೇಳಿದ್ದು ಶೇ. 91.8ರಷ್ಟು ಸರಿ. ತಂಡದ ಅತಿ ಹಿರಿಯ ವೈದ್ಯರದು ಶೇ. 79.6. ನೋಡಿ, ಯಂತ್ರವೇ ಗೆದ್ದಿತಲ್ಲ ಎನ್ನುವವರು ಆ ಯಂತ್ರದ ಬಾಯಿಗೆ ಏನು ಹಾಕಿದ್ದರು ಎಂದೂ ಕೇಳಬೇಕು. ಹೊಟ್ಟೆಯ ಸಿಟಿ ಸ್ಕ್ಯಾನ್ ಆಗಿನ್ನೂ ಬಂದಿರಲಿಲ್ಲ. ಹಾಕಿದ್ದು ಪ್ರಶ್ನೆಗಳ ಉತ್ತರಗಳನ್ನು, ಕೈಗೆ ಸಿಕ್ಕ ಸುಳಿವುಗಳನ್ನು. ನೋವು ಎಲ್ಲಿ ಶುರುವಾಯಿತು, ಈಗ ಎಲ್ಲಿದೆ, ಕೆಮ್ಮಿದರೆ ಹೆಚ್ಚುತ್ತದೆಯೇ, ವಾಂತಿ ಆಗಿದೆಯೇ, ಹಸಿವು ಹೇಗಿದೆ, ಒತ್ತಿದಾಗ ಹೊಟ್ಟೆ ಬಿಗಿಯುತ್ತದೆಯೇ, ಒತ್ತಿದ ಕೈ ತಟ್ಟನೆ ತೆಗೆದಾಗ ನೋಯುತ್ತದೆಯೇ. ಇಂಥವನ್ನು ಒಂದೂ ಬಿಡದೆ ಕೇಳಿ ಒಂದು ನಮೂನೆಯಲ್ಲಿ ತುಂಬಿಸಿದ್ದರು. ಮುಂದೆ ಎಂಟು ಆಸ್ಪತ್ರೆಗಳಲ್ಲಿ ಇದೇ ಪದ್ಧತಿ ನಡೆಸಿದಾಗ ಮೊದಲ ನೋಟದಲ್ಲಿ ಕಾಯಿಲೆ ಸರಿಯಾಗಿ ಹೇಳುವ ಪ್ರಮಾಣ ಶೇ. 45.6ರಿಂದ 65.3ಕ್ಕೆ ಏರಿತು. ಅದು ಪ್ರಕಟವಾದದ್ದು 1986ರಲ್ಲಿ. ನಮೂನೆ ತುಂಬಬೇಕಾಗಿ ಬಂದದ್ದರಿಂದಲೇ ವೈದ್ಯರು ಮೊದಲಿಗಿಂತ ಚೆನ್ನಾಗಿ ಕೇಳಿದರು, ಚೆನ್ನಾಗಿ ಮುಟ್ಟಿ ನೋಡಿದರು. ಹೊಟ್ಟೆಯ ಕಾಯಿಲೆಯಲ್ಲಿ ಕಂಪ್ಯೂಟರಿನ ಮೊದಲ ದೊಡ್ಡ ಗೆಲುವು ಕೇಳುವ ಶಿಸ್ತಿನ ಗೆಲುವೇ ಆಗಿತ್ತು.

1975ರಲ್ಲಿ ಹ್ಯಾಂಪ್ಟನ್ ಎಂಬ ವೈದ್ಯರ ತಂಡ ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಜನರನ್ನು ಇಟ್ಟುಕೊಂಡು ಇನ್ನೂ ನೇರವಾಗಿ ಲೆಕ್ಕ ಹಾಕಿತು. 66 ಜನರಲ್ಲಿ ಕೊನೆಗೆ ಖಚಿತವಾದ ಕಾಯಿಲೆಯನ್ನು ರೋಗಿಯ ಮಾತು ಕೇಳಿದ ಹಂತದಲ್ಲೇ ಹೇಳಿಯಾಗಿತ್ತು. ದೈಹಿಕ ಪರೀಕ್ಷೆ ತೀರ್ಮಾನ ಬದಲಿಸಿದ್ದು 7 ಜನರಲ್ಲಿ, ಲ್ಯಾಬ್ ಪರೀಕ್ಷೆ 7 ಜನರಲ್ಲಿ. ಅದು ಇಂಗ್ಲೆಂಡು, ಆ ಕಾಲ ಬೇರೆ, ಎಲ್ಲ ಸರಿ. ಇವತ್ತು ಲೆಕ್ಕ ಸ್ವಲ್ಪ ಬದಲಾಗಬಹುದು, ತಲೆಕೆಳಗಾಗುತ್ತದೆ ಎಂದು ನನಗನ್ನಿಸುವುದಿಲ್ಲ.

ಹಳೆಯವರೆಲ್ಲ ಸರಿ ಎಂದು ಸಾಧಿಸಲು ಹೊರಟಿಲ್ಲ. ಜಕಾರಿ ಕೋಪ್ 1921ರಲ್ಲಿ ಬರೆದ, ತೀವ್ರ ಹೊಟ್ಟೆನೋವಿನ ಕುರಿತಾದ ಪುಸ್ತಕವನ್ನು ಸರ್ಜನ್ನರು ಇಂದಿಗೂ ಓದುತ್ತಾರೆ. ಚೆನ್ನಾಗಿದ್ದವರಿಗೆ ಬಂದ ಜೋರು ಹೊಟ್ಟೆನೋವು ಆರು ಗಂಟೆಯಾದರೂ ಬಿಡದಿದ್ದರೆ ಅದು ಬಹುತೇಕ ಸರ್ಜನ್ ನೋಡಬೇಕಾದ ನೋವು ಎಂಬ ಅವರ ಸೂತ್ರ ಇವತ್ತಿಗೂ ಜೀವ ಉಳಿಸುತ್ತದೆ. ಆದರೆ ಕಾಯಿಲೆ ಯಾವುದೆಂದು ಗೊತ್ತಾಗುವವರೆಗೆ ನೋವುನಿವಾರಕ ಕೊಡಬಾರದು ಎಂಬ ಅದೇ ಕಾಲದ ಕಟ್ಟುನಿಟ್ಟು ತಪ್ಪೆಂದು ಮುಂದಿನ ಪ್ರಯೋಗಗಳು ತೋರಿಸಿಕೊಟ್ಟವು. ಎಷ್ಟೋ ಜನ ಸುಮ್ಮನೆ ನರಳಿದ್ದಾಯಿತು. ಮುಟ್ಟಿ ನೋಡುವ ಕಲೆಗೂ ಪರೀಕ್ಷೆ ತಪ್ಪಿದ್ದಲ್ಲ. ಪರೀಕ್ಷೆಗೆ ನಿಂತು ಉಳಿದದ್ದನ್ನು ನಾವು ಕೈಬಿಡುತ್ತಿದ್ದೇವೆ ಎಂಬುದು ನನ್ನ ತಕರಾರು.

ಮುಟ್ಟದೆ ಇದ್ದರೆ ಏನು ತಪ್ಪಿಹೋಗುತ್ತದೆ ಎಂದು ಕೇಳುವವರು ತಾಲ್ಲೂಕು ಆಸ್ಪತ್ರೆಯ ಯಾವ ಸರ್ಜನ್ನರನ್ನಾದರೂ ಮಾತಾಡಿಸಲಿ. ಎಪ್ಪತ್ತರ ಅಜ್ಜಿ. ನಾಲ್ಕು ದಿನದಿಂದ ಹೊಟ್ಟೆ ನುಲಿತ, ವಾಂತಿ, ಹೊಟ್ಟೆ ಉಬ್ಬರ, ಗಾಳಿಯೂ ಹೋಗುತ್ತಿಲ್ಲ. ಬಟ್ಟಿ ಸರಿದಿದೆ ಎಂದು ಊರಲ್ಲಿ ಎಣ್ಣೆ ಹಚ್ಚಿ ತೀಡಿದ್ದಾರೆ. ಒಂದು ಕಡೆ ಗ್ಲೂಕೋಸ್ ಹಾಕಿದ್ದಾರೆ, ಇನ್ನೊಂದು ಕಡೆ ಗ್ಯಾಸಿನ ಇಂಜೆಕ್ಷನ್ ಕೊಟ್ಟಿದ್ದಾರೆ. ಎಲ್ಲರೂ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಸೀರೆಯ ಮೇಲಿಂದಲೇ ಹೊಟ್ಟೆಗೆ ಎರಡು ಬೆರಳು ತಾಗಿಸಿ ಮುಗಿಸಿದ್ದಾರೆ. ಕೊನೆಗೆ ಒಬ್ಬ ನರ್ಸ್ ಪರದೆ ಎಳೆದು, ಸೀರೆಯ ಗಂಟು ಸಡಿಲಿಸಿ, ತೊಡೆಸಂದಿಯವರೆಗೆ ತೆರೆದು ನೋಡಿದಾಗ ಅಲ್ಲಿ ನೆಲ್ಲಿಕಾಯಿಯಷ್ಟು ಗಂಟು, ಮುಟ್ಟಿದರೆ ಚೀರುವಷ್ಟು ನೋವು. ಕರುಳಿನ ತುಣುಕೊಂದು ಅಲ್ಲಿ ಸಿಕ್ಕಿಹಾಕಿಕೊಂಡಿದೆ. ತೊಡೆಸಂದಿಯ ಈ ಬಗೆಯ ಹರ್ನಿಯಾ ವಯಸ್ಸಾದ ಹೆಂಗಸರಲ್ಲೇ ಹೆಚ್ಚು, ಗಂಟು ಚಿಕ್ಕದಾದ್ದರಿಂದ ಅವರೂ ಹೇಳಿರುವುದಿಲ್ಲ. ಮೊದಲ ದಿನವೇ ಕಂಡಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಮುಗಿಯುತ್ತಿತ್ತು. ನಾಲ್ಕನೆಯ ದಿನ ಕರುಳು ಕೊಳೆತಿರುತ್ತದೆ.

ಹೆಣ್ಣುಮಕ್ಕಳ ವಿಷಯದಲ್ಲಿ ಬಾಯಿ ಬಿಟ್ಟು ಕೇಳದಿರುವುದೂ ಇಷ್ಟೇ ದುಬಾರಿ. ಕಿಬ್ಬೊಟ್ಟೆ ನೋವೆಂದು ಬಂದ ಮೂವತ್ತರ ಹೆಂಗಸನ್ನು ಕೊನೆಯ ಮುಟ್ಟು ಯಾವಾಗ ಎಂದು ಕೇಳಲು ನಾಚುವ ಡಾಕ್ಟರಿಗೆ, ಗರ್ಭನಾಳದಲ್ಲಿ ನಿಂತ ಬಸಿರು ಒಡೆದು ಹೊಟ್ಟೆಯೊಳಗೆ ರಕ್ತ ತುಂಬುತ್ತಿರುವುದು ಹೇಗೆ ಗೊತ್ತಾಗಬೇಕು? ಬಸಿರು ಪರೀಕ್ಷೆಯ ಕಿಟ್ ಆಶಾ ಕಾರ್ಯಕರ್ತೆಯ ಚೀಲದಲ್ಲೇ ಇರುತ್ತದೆ.

ಇನ್ನು ಸ್ಕ್ಯಾನ್. "ಸ್ಕ್ಯಾನ್ ಮಾಡಿಸಿದ್ರೆ ಎಲ್ಲಾ ಗೊತ್ತಾಗುತ್ತೆ" ಎಂಬುದು ನಮ್ಮ ಜನರ ಹೊಸ ಗಾದೆ. ಅಲ್ಟ್ರಾಸೌಂಡಿನಲ್ಲಿ ಜಠರದ ಒಳಗೋಡೆಯ ಹುಣ್ಣು ಕಾಣುವುದಿಲ್ಲ. ಮೇದೋಜೀರಕ ಗ್ರಂಥಿ ಎಷ್ಟೋ ಸಲ ಪೂರ್ತಿ ಕಾಣುವುದಿಲ್ಲ, ಮುಂದಿರುವ ಕರುಳಿನ ಗಾಳಿ ಅಡ್ಡ ಬರುತ್ತದೆ. ಗ್ಯಾಸ್ಟ್ರಿಕ್ ಎಂದು ಶುರುವಾದ ಕತೆಯಲ್ಲಿ ನಿಜವಾದ ಗ್ಯಾಸಿನ ಪಾತ್ರ ಬರುವುದು ಇಲ್ಲಿ, ಸ್ಕ್ಯಾನನ್ನು ಕೆಡಿಸುವುದಕ್ಕೆ.

ಕಾಣಬೇಕಾದ್ದು ಕಾಣದಿದ್ದರೂ ಬೇಡದ್ದು ಕಾಣುತ್ತದೆ. ಪಿತ್ತಕೋಶದಲ್ಲಿ ಕಲ್ಲು, ಒಂದನೇ ಗ್ರೇಡಿನ ಫ್ಯಾಟಿ ಲಿವರ್, ಕಿಡ್ನಿಯಲ್ಲಿ ನೀರುಗುಳ್ಳೆ. ತೊಂದರೆ ಕೊಡದ ಪಿತ್ತಕಲ್ಲು ಇರುವ ನೂರು ಜನರಲ್ಲಿ ಮುಂದೆ ಅದರಿಂದ ನೋವು ಶುರುವಾಗುವುದು ವರ್ಷಕ್ಕೆ ಒಬ್ಬರಿಂದ ನಾಲ್ವರಿಗೆ. ಕಲ್ಲಿನ ನೋವಿಗೆ ತನ್ನದೇ ಚಹರೆ ಇದೆ. ಮೇಲ್ಹೊಟ್ಟೆಯಲ್ಲೋ ಬಲ ಪಕ್ಕೆಯಲ್ಲೋ ಜೋರಾಗಿ ಹಿಡಿದುಕೊಂಡು ಅರ್ಧ ಗಂಟೆಗೂ ಮೇಲೆ, ಕೆಲವೊಮ್ಮೆ ತಾಸುಗಟ್ಟಲೆ ಇರುತ್ತದೆ, ಬೆನ್ನಿಗೋ ಬಲ ಭುಜದ ಮೂಳೆಯ ಕಡೆಗೋ ಹರಿಯುತ್ತದೆ, ಆಮೇಲೆ ಪೂರ್ತಿ ಬಿಡುತ್ತದೆ. ಊಟದ ನಂತರ ಹೊಟ್ಟೆ ಭಾರ, ತೇಗು, ಉಬ್ಬರ ಇವು ಕಲ್ಲಿನ ಲಕ್ಷಣವೆನ್ನಲಾಗದು. ಕೇಳದೆ ಸ್ಕ್ಯಾನ್ ಮಾಡಿಸಿದರೆ ಉಬ್ಬರದ ರೋಗಿಗೆ ಕಲ್ಲು ಸಿಗುತ್ತದೆ, ಪಿತ್ತಕೋಶ ಹೋಗುತ್ತದೆ, ಉಬ್ಬರ ಹಾಗೇ ಉಳಿಯುತ್ತದೆ. "ಆಪರೇಷನ್ ಆದ್ಮೇಲೂ ಗ್ಯಾಸ್ಟ್ರಿಕ್ ಹೋಗ್ಲಿಲ್ಲ" ಎನ್ನುವವರು ಪ್ರತಿ ಊರಿನಲ್ಲೂ ಸಿಗುತ್ತಾರೆ.

ಸ್ಕ್ಯಾನಿನಲ್ಲಿ ಏನೂ ಕಾಣದವರ ಪಾಡು ಇನ್ನೊಂದು ಬಗೆ. "ಎಲ್ಲಾ ನಾರ್ಮಲ್, ನಿಮಗೇನೂ ಇಲ್ಲ" ಎಂದು ಫೈಲು ಕೈಗೆ ಬರುತ್ತದೆ. ಅಂಥ ಒಬ್ಬ ಹೆಂಗಸಿಗೆ ವರ್ಷಗಳಿಂದ ವಾರದಲ್ಲಿ ಎರಡು ದಿನ ಹೊಟ್ಟೆ ಹಿಡಿಯುತ್ತದೆ, ಮಲ ಹೋದ ಮೇಲೆ ಸಡಿಲವಾಗುತ್ತದೆ, ಕೆಲವು ದಿನ ಭೇದಿ, ಕೆಲವು ವಾರ ಮೂರು ದಿನಕ್ಕೊಮ್ಮೆ ಗಟ್ಟಿ ಹಿಕ್ಕೆ. ಬಸ್ ಹತ್ತುವ ಮುಂಚೆ ಶೌಚಾಲಯ ಎಲ್ಲಿದೆ ಎಂದು ಹುಡುಕುತ್ತಾಳೆ. ಇದು ಕರುಳಿನ ನಡಿಗೆಯೂ ಅದರ ನರಗಳ ಸೂಕ್ಷ್ಮತೆಯೂ ಏರುಪೇರಾದ ಕಾಯಿಲೆ, ಡಾಕ್ಟರುಗಳು ಐಬಿಎಸ್ ಎನ್ನುತ್ತಾರೆ. ಇದಕ್ಕೆ ಸ್ಕ್ಯಾನಿನ ಚಿತ್ರವಿಲ್ಲ. ಜಗತ್ತಿನ ತಜ್ಞರು ರೋಮ್ ಹೆಸರಿನಲ್ಲಿ ರೂಪಿಸಿ 2016ರಲ್ಲಿ ಪರಿಷ್ಕರಿಸಿದ ಮಾನದಂಡಗಳೆಲ್ಲ ಪ್ರಶ್ನೆಗಳೇ: ಮೂರು ತಿಂಗಳಿಂದ ವಾರಕ್ಕೆ ಒಂದು ದಿನವಾದರೂ ನೋವಿದೆಯೇ, ಮಲ ವಿಸರ್ಜನೆಗೂ ಅದಕ್ಕೂ ಸಂಬಂಧ ಇದೆಯೇ, ಎಷ್ಟು ಸಲ ಹೋಗುತ್ತೀರಿ, ಗಟ್ಟಿಯೋ ನೀರೋ. ಅಪಾಯದ ಚಿಹ್ನೆಗಳಿಲ್ಲವೆಂದು ನೋಡಿಕೊಂಡು, ಒಂದೆರಡು ಸಾದಾ ರಕ್ತ ಪರೀಕ್ಷೆ ಮಾಡಿಸಿದರೆ ಪ್ರಾಥಮಿಕ ಹಂತದಲ್ಲೇ ಕಾಯಿಲೆಯ ಹೆಸರು ಹೇಳಬಹುದು. ಹೆಸರು ಹೇಳುವುದು, ಇದರಿಂದ ಜೀವಕ್ಕೆ ಅಪಾಯವಿಲ್ಲ ಆದರೆ ನಿನ್ನ ನೋವು ಸುಳ್ಳಲ್ಲ ಎಂದು ವಿವರಿಸುವುದು, ಚಿಕಿತ್ಸೆಯ ಅರ್ಧ. ನಮ್ಮಲ್ಲಿ ಆಕೆಗೆ ಸಿಗುವುದು ವರ್ಷಕ್ಕೊಂದು ಸ್ಕ್ಯಾನ್, ಜೊತೆಗೆ ಮತ್ತದೇ ಪ್ಯಾಂಟೊಪ್ರಜೋಲ್.

"ಕೊಟ್ಟರೆ ನಷ್ಟವೇನು, ಅಪಾಯವಿಲ್ಲದ ಮಾತ್ರೆ" ಎನ್ನುತ್ತಾರೆ. ಒಮೆಪ್ರಜೋಲ್ 1980ರ ದಶಕದ ಕೊನೆಯಲ್ಲಿ ಬಂದಾಗ ಹುಣ್ಣಿನ ರೋಗಿಗಳಿಗೆ ಅದು ವರವೇ ಆಗಿತ್ತು, ಇವತ್ತಿಗೂ ಹೌದು. ಆದರೆ 2009ರಲ್ಲಿ ಡೆನ್ಮಾರ್ಕಿನವರು ಹೊಟ್ಟೆಯ ತೊಂದರೆಯೇ ಇಲ್ಲದ ಆರೋಗ್ಯವಂತರಿಗೆ ಇದೇ ಜಾತಿಯ ಮಾತ್ರೆಯನ್ನು ಎಂಟು ವಾರ ಕೊಟ್ಟು ನಿಲ್ಲಿಸಿ ನೋಡಿದರು. ನಿಲ್ಲಿಸಿದ ಮುಂದಿನ ವಾರಗಳಲ್ಲಿ ಶೇ. 44 ಜನರಿಗೆ ಎದೆಯುರಿ, ಹುಳಿತೇಗು, ಅಜೀರ್ಣ ಕಾಣಿಸಿಕೊಂಡವು. ಸುಳ್ಳು ಮಾತ್ರೆ ತಿಂದವರಲ್ಲಿ ಅದು ಶೇ. 15. ಅದುಮಿಟ್ಟ ಆಮ್ಲ ಬಿಟ್ಟೊಡನೆ ಪುಟಿದೇಳುತ್ತದೆ. ರೋಗಿ "ಮಾತ್ರೆ ಬಿಟ್ರೆ ಆಗೋದೇ ಇಲ್ಲ ಸಾರ್" ಎಂದು ಹಿಂದಿರುಗುತ್ತಾರೆ, ಮತ್ತೆ ಮೂರು ತಿಂಗಳಿಗೆ ಬರೆಯಲಾಗುತ್ತದೆ. ಅದೇ ರೋಗಿ ಮಂಡಿನೋವಿಗೆಂದು ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ದಿನಾ ನುಂಗುತ್ತಿರುವುದನ್ನು, ಜಠರ ಸುಡುತ್ತಿರುವುದು ಅದೇ ಎಂಬುದನ್ನು, ಕೇಳಿದವರಿಲ್ಲ.

ಎದುರು ವಾದಗಳಲ್ಲಿ ಗಟ್ಟಿಯಾದದ್ದು ಸಮಯದ್ದು. ಒಬ್ಬ ರೋಗಿಗೆ ವೈದ್ಯರು ಕೊಡುವ ಸಮಯವನ್ನು ದೇಶ ದೇಶಗಳಲ್ಲಿ ಹೋಲಿಸಿದ ವರದಿಯೊಂದು 2017ರಲ್ಲಿ ಬಂತು. ಸ್ವೀಡನ್ನಿನಲ್ಲಿ 22 ನಿಮಿಷ ದಾಟುತ್ತದೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡು, ನಮ್ಮಲ್ಲಿ ಸುಮಾರು ಎರಡು ನಿಮಿಷ. ಮೂವತ್ತು ಸಾವಿರ ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಎಂಬ ಲೆಕ್ಕ ಇಟ್ಟುಕೊಂಡು, ಅದರಲ್ಲೂ ಡಾಕ್ಟರ್ ಹುದ್ದೆ ಖಾಲಿ ಬಿಡುವ ಸರ್ಕಾರದ್ದೇ ಇಲ್ಲಿ ಮೊದಲ ತಪ್ಪು. ಆದರೆ ಎರಡು ನಿಮಿಷದಲ್ಲಿ ಕಳಿಸಿದ ರೋಗಿ ಆರು ಸಲ ವಾಪಸು ಬಂದರೆ ಹನ್ನೆರಡು ನಿಮಿಷ ಖರ್ಚಾಯಿತು, ಕಾಯಿಲೆ ಗೊತ್ತಾಗಲಿಲ್ಲ. ಮೊದಲ ಸಲವೇ ಐದು ನಿಮಿಷ ಕೊಡುವುದು ಅಗ್ಗ. ದಿನಕ್ಕೆ ಇಪ್ಪತ್ತೇ ರೋಗಿಗಳು ಬರುವ ಖಾಸಗಿ ಕ್ಲಿನಿಕ್ಕಿನಲ್ಲೂ ರೋಗಿಯನ್ನು ಮಲಗಿಸಿ ನೋಡಬೇಕಾದ ಮಂಚದ ಮೇಲೆ ಔಷಧಿ ಕಂಪನಿಯ ಡಬ್ಬಗಳು ಕೂತಿರುತ್ತವೆ. ಅಲ್ಲಿ ಯಾವ ಸಮಯದ ಅಭಾವ?

ಕೋರ್ಟಿನ ಭಯ ಎನ್ನುತ್ತಾರೆ. 1995ರಲ್ಲಿ ಸುಪ್ರೀಂ ಕೋರ್ಟು ವೈದ್ಯರ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದ ಮೇಲೆ ಎಲ್ಲದಕ್ಕೂ ಸ್ಕ್ಯಾನ್ ಬರೆಯುವುದೇ ಕ್ಷೇಮ ಎಂಬ ನಂಬಿಕೆ. ವೈದ್ಯರಿಂದ ನ್ಯಾಯಾಲಯ ನಿರೀಕ್ಷಿಸುವುದು ಸಮಂಜಸವಾದ ಎಚ್ಚರವನ್ನು. ಏನು ಕೇಳಿದೆ, ಮುಟ್ಟಿದಾಗ ಏನು ಸಿಕ್ಕಿತು, ಯಾವಾಗ ಮತ್ತೆ ಬರಲು ಹೇಳಿದೆ ಎಂದು ಚೀಟಿಯಲ್ಲಿ ಬರೆದಿಟ್ಟವರ ಎಚ್ಚರ ಅಲ್ಲಿ ಕಾಣುತ್ತದೆ. ಗ್ಯಾಸ್ಟ್ರಿಕ್ ಎಂಬ ಒಂದು ಪದ, ಅದರ ಕೆಳಗೆ ಮೂರು ಮಾತ್ರೆ ಬರೆದ ಚೀಟಿಯಲ್ಲಿ ಏನು ಕಾಣುತ್ತದೆ? ಜನರೇ ಸ್ಕ್ಯಾನ್ ಕೇಳುತ್ತಾರೆ ಎಂಬ ದೂರಿಗೆ ಹೆಚ್ಚು ಹೇಳುವುದಿಲ್ಲ. ಜನಕ್ಕೆ ಅದನ್ನು ಕಲಿಸಿದವರು ಯಾರು, ಕಳಿಸಿದ ಪ್ರತಿ ಸ್ಕ್ಯಾನಿಗೆ ಕಮಿಷನ್ ಬರುವ ವ್ಯವಸ್ಥೆ ಯಾರದ್ದು ಎಂಬುದು ಎಲ್ಲರಿಗೂ ಗೊತ್ತು.

ಲೀಡ್ಸಿನವರು ಐವತ್ತು ವರ್ಷದ ಹಿಂದೆ ಮಾಡಿದ್ದನ್ನು ಮಾಡಲು ನಮಗೆ ಕಂಪ್ಯೂಟರೂ ಬೇಡ. ಸರ್ಕಾರಿ ಆಸ್ಪತ್ರೆಯ ಒಪಿಡಿ ಚೀಟಿಯ ಹಿಂಬದಿ ಖಾಲಿ ಇರುತ್ತದೆ. ಹೊಟ್ಟೆಯ ದೂರಿನವರಿಗಾಗಿ ಅಲ್ಲಿ ಪ್ರಶ್ನೆಗಳನ್ನು ಅಚ್ಚು ಹಾಕಿಸಲಿ: ನೋವು ಎಲ್ಲಿ ಶುರುವಾಗಿ ಎಲ್ಲಿಗೆ ಬಂದಿದೆ, ಎಷ್ಟು ಹೊತ್ತಿನಿಂದ, ಬೆವರು ಇದೆಯೇ, ತೂಕ ಇಳಿದಿದೆಯೇ, ಮಲ ಕಪ್ಪಗೆ ಡಾಂಬರಿನಂತೆ ಹೋಗುತ್ತಿದೆಯೇ, ನುಂಗುವಾಗ ಅನ್ನ ತಡೆಯುತ್ತದೆಯೇ, ಕೊನೆಯ ಮುಟ್ಟಿನ ದಿನಾಂಕ, ಬೇರೆ ಯಾವ ಮಾತ್ರೆ ತಿನ್ನುತ್ತಿದ್ದೀರಿ. ಸಾಲಿನಲ್ಲಿ ಕಾಯುವ ಹೊತ್ತಿನಲ್ಲೇ ನರ್ಸ್ ಕೇಳಿ ತುಂಬಿಸಬಹುದು. ಡಾಕ್ಟರು ತುಂಬಬೇಕಾದವು ಎರಡೇ ಜಾಗ. ಮಲಗಿಸಿ, ತೊಡೆಸಂದಿಯವರೆಗೆ ನೋಡಿದಾಗ ಏನು ಕಂಡಿತು ಎಂಬುದು ಒಂದು. ಯಾವ ಲಕ್ಷಣ ಕಂಡರೆ, ಎಷ್ಟು ದಿನದೊಳಗೆ ಮತ್ತೆ ಬರಬೇಕು ಎಂಬುದನ್ನು ಕನ್ನಡದಲ್ಲಿ, ಓದಲು ಬರುವ ಅಕ್ಷರದಲ್ಲಿ ಬರೆಯುವ ಜಾಗ ಇನ್ನೊಂದು. ಕಾಯಿಲೆಯ ಹೆಸರು ಬರೆಯುವ ಜಾಗ ಇವೆರಡರ ಕೆಳಗೆ ಬರಲಿ.